ಉಸಿರಿನೊಡನೆ ಒಳಗೆ ಹೋಗುವ ಕಲ್ಲು: ನಮ್ಮ ಭಾಗದ ಧೂಳಿನಲ್ಲಿ ಏನೇನಿದೆ?



ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಳಿತಿರುವ ಹೊತ್ತಿನಲ್ಲಿ ಈ ಪುಟಗಳನ್ನು ಓದಿರಿ. ಓದಲು ಬಾರದವರಿಗೆ ಪಕ್ಕದಲ್ಲಿದ್ದವರು ಓದಿ ಹೇಳಿರಿ. ಇದು ಕೆಮ್ಮು, ದಮ್ಮು ಇರುವವರಿಗಾಗಿ ಬರೆದದ್ದು. ಆದರೆ ಇನ್ನೂ ಕೆಮ್ಮು ಬಾರದವರಿಗೆ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ಕುಷ್ಟಗಿ ಕಡೆಯ ಹಳ್ಳಿಯಿಂದ ನಲವತ್ತರ ಆಸುಪಾಸಿನ ಒಬ್ಬರು ಹೆಂಡತಿಯ ಜೊತೆಗೆ ಬಂದಿದ್ದರು. ಬೇರೆ ಬೇರೆ ಕಡೆ ತೋರಿಸಿ ಎರಡು ಸಲ ಟಿ.ಬಿ. ಮಾತ್ರೆ ಪೂರ್ತಿ ನುಂಗಿದ್ದರು. ಕಫದ ಪರೀಕ್ಷೆಯಲ್ಲಿ ಒಮ್ಮೆಯೂ ಟಿ.ಬಿ. ಕ್ರಿಮಿ ಸಿಕ್ಕಿರಲಿಲ್ಲ.

"ಅಕ್ಕಾರ, ನಾ ಬೀಡಿ ಸೇದೋನಲ್ಲ, ಕುಡಿಯೋನಲ್ಲ. ಎರಡ ಸಲ ಕೋರ್ಸ್ ಮುಗಿಸೀನ್ರಿ. ಆದ್ರೂ ಕೆಮ್ಮ ಬಿಡವಲ್ದು. ನಾಕ ಮೆಟ್ಟಲ ಹತ್ತಿದ್ರ ಉಸರ ಸಿಗವಲ್ದು" ಎಂದರು.

ಏನು ಕೆಲಸ ಎಂದು ಕೇಳಿದೆ. "ಕೂಲಿ" ಎಂದರು. ಅಲ್ಲಿಗೇ ಬಿಟ್ಟಿದ್ದರೆ ಚೀಟಿಯ ಮೇಲೆ "ಕೂಲಿ" ಎಂದಷ್ಟೇ ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಬಹಳ ವರ್ಷ ಹಾಗೆಯೇ ಮಾಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆ ದಿನ ಮಾತ್ರ ಎಂಥ ಕೂಲಿ ಎಂದು ಇನ್ನೊಂದು ಮಾತು ಕೇಳಿದೆ. ಅವರ ಹೆಂಡತಿ ಹೇಳಿದರು: "ಹನ್ನೆರಡ ವರ್ಷ ಕಲ್ಲಿನ ಕ್ವಾರಿಯೊಳಗ ಡ್ರಿಲ್ ಹೊಡದಾರ್ರಿ. ಸಂಜಿಕ ಮನಿಗಿ ಬಂದ್ರ ಕಣ್ರೆಪ್ಪಿ ಸೈತ ಬೆಳ್ಳಗ ಆಗಿರ್ತಿದ್ವು."

ಎರಡು ಸಲ ಔಷಧ ಬರೆದವರಿಗೆ ತಿಳಿಯದೇ ಹೋದದ್ದು ಈ ಒಂದು ಮಾತು. ಆ ಬಿಳಿ ಧೂಳು ಏನು, ಅದು ಶ್ವಾಸಕೋಶದಲ್ಲಿ ಏನು ಮಾಡುತ್ತದೆ ಎಂಬುದೇ ಈ ಪಾಠ.

ಧೂಳು ಎಂದರೆ ಒಂದೇ ವಸ್ತುವಲ್ಲ

ಧೂಳು ಎಂಬುದು ಒಂದು ಪದಾರ್ಥದ ಹೆಸರಲ್ಲ. ಅನೇಕ ಪದಾರ್ಥಗಳು ಪುಡಿಯಾಗಿ ಗಾಳಿಯಲ್ಲಿ ಸೇರಿಕೊಂಡಾಗ ನಾವು ಅದಕ್ಕೆ ಧೂಳು ಎನ್ನುತ್ತೇವೆ. ಅದರಲ್ಲಿ ಎರಡು ಮುಖ್ಯ ಪಾಲು ಇರುತ್ತವೆ. ಒಂದು, ಸುಟ್ಟರೆ ಉರಿದುಹೋಗುವ ಪಾಲು: ಮಸಿ, ಹೊಟ್ಟಿನ ಚೂರು, ಹತ್ತಿಯ ಎಳೆ, ಹೂವಿನ ಪರಾಗ. ಇನ್ನೊಂದು, ಎಷ್ಟು ಸುಟ್ಟರೂ ಉಳಿಯುವ ಪಾಲು. ಅದೇ ಖನಿಜ.

ಇದನ್ನು ತಿಳಿಯಲು ವಿಭೂತಿಯನ್ನೇ ನೆನೆಯಿರಿ. ಆಕಳ ಸಗಣಿಯನ್ನು ಸುಟ್ಟಾಗ ಉರಿಯುವುದೆಲ್ಲ ಉರಿದು ಕೊನೆಗೆ ಬೂದಿ ಉಳಿಯುತ್ತದೆ. ಬೂದಿ ಎಂದರೆ ಬೆಂಕಿಗೆ ಬಗ್ಗದ ಖನಿಜ. ಹಣೆಯ ಮೇಲೆ ಅದು ಶೋಭೆ, ಚರ್ಮಕ್ಕೆ ತೊಂದರೆಯಿಲ್ಲ. ಆದರೆ ಯಾವುದೇ ಬೂದಿಯಾಗಲಿ, ಕಲ್ಲಿನ ಹಿಟ್ಟಾಗಲಿ ಶ್ವಾಸಕೋಶದ ತಳಕ್ಕೆ ಇಳಿದರೆ ಅಲ್ಲಿ ಅದನ್ನು ಸುಡುವುದೂ ಇಲ್ಲ, ಕರಗಿಸುವುದೂ ಇಲ್ಲ. ಹೊಟ್ಟೆಗೆ ಹೋದದ್ದು ಹೊರಬೀಳಲು ದಾರಿಯಿದೆ, ಶ್ವಾಸಕೋಶದ ತಳ ಸೇರಿದ್ದಕ್ಕೆ ಆ ದಾರಿ ಬಹಳ ಕಷ್ಟದ್ದು.

ಗಾತ್ರ ಏಕೆ ಮುಖ್ಯ?

ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗಿನ ಕೂದಲು, ಸಿಂಬಳ ಬಹುಮಟ್ಟಿಗೆ ತಡೆಯುತ್ತವೆ. ಅದಕ್ಕಿಂತ ಸಣ್ಣವು ಗಂಟಲು ದಾಟಿ ಉಸಿರುನಾಳಕ್ಕೆ ಹೋಗುತ್ತವೆ, ಅವುಗಳಲ್ಲಿ ಬಹಳಷ್ಟನ್ನು ಕಫ ಹೊರಗೆ ತಳ್ಳುತ್ತದೆ. ನಾಲ್ಕೈದು ಮೈಕ್ರಾನಿಗಿಂತ ಸಣ್ಣವು ಮಾತ್ರ ಕೊನೆಯವರೆಗೆ, ಅಂದರೆ ರಕ್ತಕ್ಕೆ ಪ್ರಾಣವಾಯು ಸೇರುವ ಗಾಳಿಚೀಲಗಳವರೆಗೆ ಇಳಿಯುತ್ತವೆ. ಈ ಗಾಳಿಚೀಲಗಳು ನಮ್ಮಲ್ಲಿ 30 ಕೋಟಿಗೂ ಹೆಚ್ಚು ಇವೆ.

ಆದ್ದರಿಂದ ಕಣ್ಣಿಗೆ ಕಾಣುವ ಧೂಳು ಹೆದರಿಸುತ್ತದೆ, ಕಾಣದ ಧೂಳು ಕೊಲ್ಲುತ್ತದೆ. ಗಾಳಿಯ ಪರೀಕ್ಷೆಯಲ್ಲಿ ಪಿ.ಎಂ. 10, ಪಿ.ಎಂ. 2.5 ಎಂಬ ಮಾತು ಕೇಳಿರಬಹುದು. ಅವು 10 ಮತ್ತು 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಲೆಕ್ಕ. ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಮಾಡಿದ ಮಿತಿಯಂತೆ, ಒಂದು ಘನಮೀಟರ್ ಗಾಳಿಯಲ್ಲಿ ದಿನದ ಸರಾಸರಿ ಪಿ.ಎಂ. 10 ನೂರು ಮೈಕ್ರೋಗ್ರಾಂ ಮತ್ತು ಪಿ.ಎಂ. 2.5 ಅರವತ್ತು ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕಿಂತ ಬಹಳ ಬಿಗಿಯಾದ ಮಿತಿ ಹೇಳಿದೆ.

ಒಂದು ಮಾತು ಗಮನಿಸಿರಿ. ಈ ಸಂಖ್ಯೆಗಳು ಧೂಳಿನ ತೂಕವನ್ನು ಹೇಳುತ್ತವೆ, ಧೂಳಿನಲ್ಲಿ ಏನಿದೆ ಎಂದು ಹೇಳುವುದಿಲ್ಲ. ಒಂದು ಚಿಟಿಕೆ ಜೋಳದ ಹಿಟ್ಟೂ ಒಂದು ಚಿಟಿಕೆ ಕಲ್ಲಿನ ಹಿಟ್ಟೂ ತಕ್ಕಡಿಯಲ್ಲಿ ಸಮ ತೂಗಬಹುದು, ಶ್ವಾಸಕೋಶದಲ್ಲಿ ಸಮವಲ್ಲ.

ನಮ್ಮ ನಾಲ್ಕು ಹಳೆಯ ತಾಲ್ಲೂಕುಗಳ ಧೂಳು

ಕೊಪ್ಪಳ: ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳ ಸುತ್ತಮುತ್ತ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳಿವೆ. ಮೆದುಕಬ್ಬಿಣ ಎಂದರೆ ಸ್ಪಾಂಜ್ ಐರನ್. ಅದಿರು, ಕಲ್ಲಿದ್ದಲು, ಡಾಲಮೈಟ್ ಕಲ್ಲು ಇವನ್ನು ಉರುಳುವ ಕುಲುಮೆಯಲ್ಲಿ ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಕಾಯಿಸಿ ಅದನ್ನು ಮಾಡುತ್ತಾರೆ. ಅಲ್ಲಿಂದ ಬರುವ ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್, ಇದ್ದಿಲಿನ ಮಸಿ, ಕಲ್ಲಿದ್ದಲಿನ ಹಾರುಬೂದಿ ಇರುತ್ತವೆ. ಹಾರುಬೂದಿಯಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾ ಮುಖ್ಯ. ಊರಿನ ಸಮೀಪ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಬೀದಿಗಿಳಿದದ್ದು, ಗವಿಮಠದ ಶ್ರೀಗಳು ಅವರ ಜೊತೆ ನಿಂತದ್ದು ನಿಮಗೆ ನೆನಪಿರಬಹುದು. ಆ ಮಾತಿನ ಮೂಲ ಉಸಿರಾಟವೇ ಆಗಿತ್ತು.

ಗಂಗಾವತಿ: ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಇದು ಭತ್ತದ ನಾಡಾಯಿತು, ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳು ತುಂಬಿದವು. ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟು. ಅನೇಕ ಗಿರಣಿಗಳ ಬಾಯ್ಲರಿಗೆ ಅದೇ ಉರುವಲು. ಹೊಟ್ಟು ಸುಟ್ಟ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ ಇರುತ್ತದೆ. ಭತ್ತದ ಗಿಡ ನೆಲದಿಂದ ಸಿಲಿಕಾವನ್ನು ಹೀರಿ ಹೊಟ್ಟಿನಲ್ಲಿ ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಹದವಾದ ಉರಿಯಲ್ಲಿ ಬೆಂದ ಬೂದಿಯ ಸಿಲಿಕಾ ಹರಳುಗಟ್ಟಿರುವುದಿಲ್ಲ, ಅದರ ಅಪಾಯ ಕಡಿಮೆ. ಬಹಳ ಹೆಚ್ಚು ಶಾಖದಲ್ಲಿ ಬಹಳ ಹೊತ್ತು ಬೆಂದರೆ ಅದು ಹರಳುಗಟ್ಟುತ್ತದೆ, ಅಪಾಯವೂ ಹೆಚ್ಚುತ್ತದೆ.

ಕುಷ್ಟಗಿ: ಇಳಕಲ್ ಕಡೆಗೆ ಹೋಗುವ ದಾರಿಯ ಸೀಮೆಯಲ್ಲಿ ಕೆಂಪು ಗ್ರಾನೈಟ್ ಕಲ್ಲಿನ ಕ್ವಾರಿಗಳಿವೆ. ಇಳಕಲ್ ಗ್ರಾನೈಟ್ ಎಂದು ದೇಶ ವಿದೇಶಗಳಲ್ಲಿ ಹೆಸರಾದ ಕಲ್ಲು ಇದು. ಗ್ರಾನೈಟ್ ಎಂದರೆ ಮುಖ್ಯವಾಗಿ ಫೆಲ್ಡ್‌ಸ್ಪಾರ್, ಬೆಣಚು ಮತ್ತು ಅಭ್ರಕ ಸೇರಿದ ಕಲ್ಲು. ಬೆಣಚು ಎಂದರೆ ಹರಳುಗಟ್ಟಿದ ಸಿಲಿಕಾ. ಗ್ರಾನೈಟಿನಲ್ಲಿ ಅದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ಡ್ರಿಲ್ ಹೊಡೆಯುವಾಗ, ಕಟರ್‌ನಿಂದ ಕೊಯ್ಯುವಾಗ, ಕ್ರಷರ್‌ನಲ್ಲಿ ಖಡಿ ಒಡೆಯುವಾಗ ಇದೇ ಪುಡಿಯಾಗಿ ಏಳುತ್ತದೆ.

ಯಲಬುರ್ಗಾ: ಇಲ್ಲಿ ಎರೆ ಭೂಮಿ ಹೆಚ್ಚು. ಎರೆ ಮಣ್ಣಿನಲ್ಲಿ ನಯವಾದ ಜೇಡಿಯೂ ಸುಣ್ಣದ ಹರಳೂ ಇರುತ್ತವೆ. ಮಸಾರಿ ಮಣ್ಣಿಗೆ ಕೆಂಪು ಬಣ್ಣ ಬಂದದ್ದು ಕಬ್ಬಿಣದ ತುಕ್ಕಿನಿಂದ. ಬೇಸಿಗೆಯ ಸುಳಿಗಾಳಿಗೆ, ರಾಶಿಯ ಕಾಲದಲ್ಲಿ ಮಷಿನ್ ಓಡುವಾಗ ಈ ಮಣ್ಣೂ ಹೊಟ್ಟೂ ಕೂಡಿ ಏಳುತ್ತವೆ. ಇದರಿಂದ ಸೀನು, ಅಲರ್ಜಿ, ಅಸ್ತಮಾ ಕೆರಳುತ್ತವೆ. ಆದರೆ ಹೊಲದ ಧೂಳಿನಿಂದ ಮುಂದೆ ಹೇಳುವ ಸಿಲಿಕೋಸಿಸ್ ಬರುವುದು ಅಪರೂಪ. ಮಣ್ಣಿನ ಕಣ ದೊಡ್ಡದು, ಹಳೆಯದು, ಮೊನಚು ಸವೆದದ್ದು. ಆಗ ತಾನೇ ಒಡೆದ ಕಲ್ಲಿನ ಕಣ ಸಣ್ಣದು, ಹರಿತವಾದದ್ದು. ರೈತ ಬಂಧುಗಳು ವೃಥಾ ಹೆದರಬೇಕಾಗಿಲ್ಲ.

ಗುಳೆ ಹೋದವರಿಗೆ ಒಂದು ಮಾತು

ನಮ್ಮ ಭಾಗದಿಂದ ಬಹಳ ಜನ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ದೊಡ್ಡ ನಗರದ ಗಾಳಿಯ ಖನಿಜ ಧೂಳಿನಲ್ಲಿ ರಸ್ತೆಯ ಮಣ್ಣಿನಿಂದ ಬರುವ ಸಿಲಿಕಾನ್ ಮತ್ತು ಅಲ್ಯೂಮಿನಿಯಂ, ಸಿಮೆಂಟಿನಿಂದ ಬರುವ ಕ್ಯಾಲ್ಸಿಯಂ, ವಾಹನಗಳ ಬ್ರೇಕ್ ಸವೆದು ಬರುವ ಕಬ್ಬಿಣ, ತಾಮ್ರ, ಬೇರಿಯಂ ಇರುತ್ತವೆ. ಅವುಗಳಿಗೆ ಡೀಸೆಲ್ ಮಸಿ ಅಂಟಿಕೊಂಡಿರುತ್ತದೆ. ಆದರೆ ಅಲ್ಲಿ ನಿಮಗಿರುವ ದೊಡ್ಡ ಅಪಾಯ ರಸ್ತೆಯದಲ್ಲ, ಕೈಯಲ್ಲಿರುವ ಮಷಿನಿನದು. ಟೈಲ್ಸ್ ಕೊಯ್ಯುವುದು, ಕಾಂಕ್ರೀಟಿಗೆ ತೂತು ಕೊರೆಯುವುದು, ಅಡಿಗೆಮನೆಯ ಕಟ್ಟೆಗೆ ಕಲ್ಲು ಕೊಯ್ಯುವುದು ಇವೆಲ್ಲ ಸಿಲಿಕಾ ಕೆಲಸಗಳೇ. ಈಗ ಬಂದಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ನೂರಕ್ಕೆ 90ರಷ್ಟು ಸಿಲಿಕಾ ಇರುವುದುಂಟು. ಅದನ್ನು ಕೊಯ್ಯುವ ಯುವಕರಿಗೆ ರೋಗ ಬಂದದ್ದರಿಂದ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಅಂಥ ಹಲಗೆಗಳನ್ನೇ ನಿಷೇಧಿಸಿತು.

ಮನೆಯಲ್ಲಿ ಮಾಡಿ ನೋಡಿರಿ

ಮಕ್ಕಳಿಗೂ ತೋರಿಸಬಹುದಾದ ಸಣ್ಣ ಪರೀಕ್ಷೆ ಇದು. ಒಂದು ಬಿಳಿ ತಟ್ಟೆಯನ್ನು ಮೂರು ದಿನ ಮಾಳಿಗೆಯ ಮೇಲಿಡಿ.

1. ಬಿದ್ದ ಧೂಳನ್ನು ಒಣ ಕಾಗದದ ಮೇಲೆ ಸುರಿದು, ಕಾಗದದ ಕೆಳಗೆ ಅಯಸ್ಕಾಂತ ಆಡಿಸಿ. ಅದರ ಜೊತೆ ಓಡಾಡುವ ಕರಿಯ ಕಣಗಳಲ್ಲಿ ಕಬ್ಬಿಣ ಇದೆ. ಹಳ್ಳದ ಮರಳಿನಲ್ಲಿಯೂ ಇಂಥ ಕಣಗಳು ಇರುವುದರಿಂದ, ಕಂಡದ್ದೆಲ್ಲ ಕಾರ್ಖಾನೆಯದೇ ಎಂದು ತೀರ್ಮಾನಿಸಬೇಡಿ.

2. ಉಳಿದ ಧೂಳಿನ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ.

3. ಅಯಸ್ಕಾಂತಕ್ಕೂ ಅಂಟದೆ, ನಿಂಬೆಯಲ್ಲೂ ಕರಗದೆ, ಬಿಸಿಲಿನಲ್ಲಿ ಮಿನುಗುವ ಕಣಗಳಲ್ಲಿ ಬೆಣಚು ಮತ್ತು ಅಭ್ರಕ ಇರುತ್ತವೆ.

ತಟ್ಟೆಯಲ್ಲಿ ಬಿದ್ದದ್ದು ದೊಡ್ಡ ಕಣ. ಸಣ್ಣದು ಇನ್ನೂ ಗಾಳಿಯಲ್ಲಿಯೇ ತೇಲುತ್ತಿದೆ ಎಂಬುದನ್ನು ಮರೆಯಬೇಡಿ.

ಒಳಗೆ ಹೋದ ಸಿಲಿಕಾ ಏನು ಮಾಡುತ್ತದೆ?

ಗಾಳಿಚೀಲಗಳಲ್ಲಿ ಕಾವಲುಗಾರ ಜೀವಕೋಶಗಳಿವೆ. ಕ್ರಿಮಿ, ಕಸ ಏನೇ ಬಂದರೂ ನುಂಗಿ ತೆಗೆಯುವುದು ಅವುಗಳ ಕೆಲಸ. ಸಿಲಿಕಾ ಹರಳನ್ನು ನುಂಗಿದ ಕಾವಲುಗಾರ ಅದನ್ನು ಅರಗಿಸಲಾರದೆ ಸಾಯುತ್ತಾನೆ. ಹರಳು ಮತ್ತೆ ಹೊರಬೀಳುತ್ತದೆ. ಇನ್ನೊಬ್ಬ ಬಂದು ನುಂಗುತ್ತಾನೆ, ಅವನೂ ಸಾಯುತ್ತಾನೆ. ಹೀಗೆ ಸತ್ತ ಜಾಗದಲ್ಲೆಲ್ಲ ಬಾವು ಬಂದು, ಮಾಯುವಾಗ ಗಟ್ಟಿ ಗಂಟು ಕಟ್ಟುತ್ತದೆ. ಮೆತ್ತಗಿರಬೇಕಾದ ಶ್ವಾಸಕೋಶ ಒಣಗಿದ ತೊಗಲಿನಂತೆ ಆಗುತ್ತದೆ. ಇದೇ ಸಿಲಿಕೋಸಿಸ್.

ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಹೆಚ್ಚು ಕಾಲ ಧೂಳಿನಲ್ಲಿ ದುಡಿದವರಿಗೆ ಬರುತ್ತದೆ. ಧೂಳು ವಿಪರೀತವಿದ್ದರೆ ಐದು ವರ್ಷದೊಳಗೂ ಬರಬಹುದು. ಆದ ಗಂಟನ್ನು ಕರಗಿಸುವ ಔಷಧ ಇಂದಿಗೂ ಇಲ್ಲ. ಕೆಲಸ ಬಿಟ್ಟ ಮೇಲೂ ಕೆಲವರಲ್ಲಿ ರೋಗ ಮುಂದುವರಿಯುತ್ತದೆ. ಹರಳು ಸಿಲಿಕಾ ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಹೇಳಿದೆ.

ಇದು ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಹತ್ತರಲ್ಲಿ ನಾಲ್ಕು ಜನಕ್ಕಿಂತ ಹೆಚ್ಚಿನವರಲ್ಲಿ ಸಿಲಿಕೋಸಿಸ್ ಕಂಡಿತ್ತು. ಬಂಗಾರ ಬೆಣಚುಕಲ್ಲಿನ ಪದರಿನಲ್ಲಿ ಇದ್ದುದರಿಂದ, ಬಂಗಾರಕ್ಕಾಗಿ ಬೆಣಚನ್ನು ಒಡೆಯಲೇಬೇಕಾಗಿತ್ತು.

ಟಿ.ಬಿ.ಯೋ, ಸಿಲಿಕೋಸಿಸ್ಸೋ?

ಎರಡರಲ್ಲೂ ಕೆಮ್ಮು, ದಮ್ಮು, ತೂಕ ಇಳಿಯುವುದು ಇರುತ್ತದೆ. ಎಕ್ಸ್-ರೇ ಕೂಡ ಒಂದರಂತೆ ಇನ್ನೊಂದು ಕಾಣಬಹುದು. ಇನ್ನೊಂದು ತೊಡಕೂ ಇದೆ. ಕಾವಲುಗಾರ ಜೀವಕೋಶಗಳು ಸತ್ತಿರುವುದರಿಂದ ಸಿಲಿಕೋಸಿಸ್ ಇರುವವರಿಗೆ ಟಿ.ಬಿ. ತಗಲುವ ಸಂಭವ ಇತರರಿಗಿಂತ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು. ಅಂದರೆ ಎರಡೂ ಕೂಡಿಯೇ ಇರಬಹುದು. ಆದ್ದರಿಂದ ಈ ಪುಟ ಓದಿ "ನನ್ನದು ಧೂಳಿನ ರೋಗ" ಎಂದು ನೀವೇ ತೀರ್ಮಾನಿಸಿ ಟಿ.ಬಿ. ಮಾತ್ರೆಯನ್ನು ಎಂದಿಗೂ ನಿಲ್ಲಿಸಬೇಡಿ. ಕಫ ಪರೀಕ್ಷೆ ಮಾಡಿಸಿ, ವೈದ್ಯರೇ ಹೇಳಲಿ. ಟಿ.ಬಿ. ಪರೀಕ್ಷೆ, ಔಷಧ ಸರಕಾರದಿಂದ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ ಸಾವಿರ ರೂಪಾಯಿಗೆ ಏರಿಸಿದ್ದಾರೆ.

ಕೆಲಸದ ಜಾಗದಲ್ಲಿ ಏನು ಮಾಡಬೇಕು?

1. ನೀರೇ ಮೊದಲ ಔಷಧ. ಕೊರೆಯುವ, ಕೊಯ್ಯುವ ಜಾಗಕ್ಕೆ ನೀರು ಬೀಳುತ್ತಿದ್ದರೆ ಧೂಳು ಏಳುವ ಮೊದಲೇ ಕೆಸರಾಗುತ್ತದೆ. ಒಣ ಡ್ರಿಲ್ ಬೇಡ, ನೀರಿನ ಡ್ರಿಲ್ ಕೊಡಿರೆಂದು ಮಾಲೀಕರನ್ನು ಕೇಳಿ. ಒಬ್ಬರೇ ಕೇಳುವುದಕ್ಕಿಂತ ಎಲ್ಲರೂ ಕೂಡಿ ಕೇಳುವುದು ಮೇಲು.

2. ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು, ಧೂಳು ಮುಂದೆ ಹೋಗುವಂತೆ ನಿಲ್ಲಿ.

3. ಟವೆಲ್, ಸೆರಗು ದೊಡ್ಡ ಕಣವನ್ನು ತಡೆಯುತ್ತವೆ, ಸಣ್ಣದನ್ನು ತಡೆಯುವುದಿಲ್ಲ. ಎನ್-95 ಮುಖಗವಸು ಬೇಕು. ಅದು ಮೂಗಿನ ಪಕ್ಕ, ಗಲ್ಲದ ಕೆಳಗೆ ಬಿಗಿಯಾಗಿ ಕೂಡಬೇಕು. ಗಡ್ಡ ದಟ್ಟವಾಗಿದ್ದರೆ ಸಂದಿನಿಂದ ಧೂಳು ನುಗ್ಗುತ್ತದೆ.

4. ಬೆಲ್ಲ, ಬಾಳೆಹಣ್ಣು ತಿಂದರೆ ಎದೆಯ ಧೂಳು ತೊಳೆದುಹೋಗುತ್ತದೆ ಎಂಬ ನಂಬಿಕೆ ಇದೆ. ಅವು ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ತಿನ್ನಿರಿ, ಆದರೆ ಅದನ್ನೇ ರಕ್ಷಣೆ ಎಂದು ನಂಬಬೇಡಿ. ಸೆರೆಯಿಂದಲೂ ಧೂಳು ಹೋಗುವುದಿಲ್ಲ.

5. ಬೀಡಿ ಬಿಡಿ. ಧೂಳೂ ಬೀಡಿಯೂ ಕೂಡಿದರೆ ಶ್ವಾಸಕೋಶಕ್ಕೆ ಎರಡು ಕಡೆಯಿಂದ ಪೆಟ್ಟು.

ಮನೆಯಲ್ಲಿ ಏನು ಮಾಡಬೇಕು?

ಕೆಲಸದ ಬಟ್ಟೆಯನ್ನು ಹೊರಗೇ ಕಳಚಿ, ಝಾಡಿಸದೆ ನೇರವಾಗಿ ನೀರಿನಲ್ಲಿ ನೆನೆಹಾಕಿ. ಒಣ ಬಟ್ಟೆ ಝಾಡಿಸುವ ತಾಯಂದಿರ ಎದೆಗೂ ಅದೇ ಧೂಳು ಹೋಗುತ್ತದೆ. ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಕೈಕಾಲು, ಮುಖ, ತಲೆ ತೊಳೆಯಿರಿ. ಅಂಗಳಕ್ಕೆ ನೀರು ಚಿಮುಕಿಸಿ ಕಸ ಗುಡಿಸಿ, ಮನೆಯೊಳಗೆ ಒದ್ದೆ ಬಟ್ಟೆಯಿಂದ ಒರೆಸಿ. ಜಾಲಿ ಕಟ್ಟಿಗೆಯ ಒಲೆ ಉರಿಸುವವರು ಹೊಗೆ ಹೋಗಲು ದಾರಿ ಮಾಡಿ, ಕೂಸನ್ನು ಒಲೆಯ ಹತ್ತಿರ ಮಲಗಿಸಬೇಡಿ.

ಯಾವಾಗ ಆಸ್ಪತ್ರೆಗೆ ಬರಬೇಕು?

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಮೊದಲು ಆರಾಮಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ದಮ್ಮು, ತೂಕ ಇಳಿತ, ಸಂಜೆ ಜ್ವರ ಇವುಗಳಲ್ಲಿ ಯಾವುದಿದ್ದರೂ ಬನ್ನಿ. ಕಫದಲ್ಲಿ ರಕ್ತ ಕಂಡರೆ ಅದೇ ದಿನ ಬನ್ನಿ. ತುಟಿ ನೀಲಿಯಾದರೆ, ಮಾತಾಡಲೂ ಉಸಿರು ಸಾಲದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಏನೂ ತೊಂದರೆ ಇಲ್ಲದಿದ್ದರೂ ಕಲ್ಲಿನ ಕೆಲಸದವರು ವರ್ಷಕ್ಕೊಮ್ಮೆ ಎದೆಯ ತಪಾಸಣೆ ಮಾಡಿಸುವುದು ಒಳ್ಳೆಯದು.

ಬರುವಾಗ ಒಂದು ಹಾಳೆಯ ಮೇಲೆ ಇಷ್ಟು ಬರೆಸಿಕೊಂಡು ಬನ್ನಿ: ಹದಿನೈದು ವರ್ಷದವರಿದ್ದಾಗಿನಿಂದ ಇಂದಿನವರೆಗೆ ಎಲ್ಲೆಲ್ಲಿ, ಏನೇನು ಕೆಲಸ, ಎಷ್ಟೆಷ್ಟು ವರ್ಷ, ಧೂಳು ಎಂಥದ್ದು, ನೀರು ಹಾಕುತ್ತಿದ್ದರೋ ಇಲ್ಲವೋ. ನಾವು ಕೇಳದಿದ್ದರೂ ನೀವಾಗಿ ಹೇಳಿ. ಹಳೆಯ ಎಕ್ಸ್-ರೇಗಳನ್ನು ಎಸೆಯಬೇಡಿ. ಸಿಲಿಕೋಸಿಸ್ ಕೆಲಸದಿಂದ ಬರುವ ರೋಗವೆಂದು ಕಾರ್ಮಿಕ ಕಾನೂನಿನ ಪಟ್ಟಿಯಲ್ಲಿದೆ. ಪರಿಹಾರ ಕೇಳುವ ಹಕ್ಕಿಗೆ ಈ ಹಾಳೆ, ಎಕ್ಸ್-ರೇ, ಕೂಲಿಯ ಚೀಟಿ ಇವೇ ಸಾಕ್ಷಿ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಮೊದಲು ಹೇಳಿದ ಆ ಬಂಧುವಿನ ಕಥೆ

ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದ ಮೇಲೆ ಅವರದು ಸಿಲಿಕೋಸಿಸ್ ಎಂದು ಖಚಿತವಾಯಿತು. ಅವರು ಕ್ವಾರಿ ಬಿಟ್ಟರು. ಎದೆಯ ಗಂಟು ಹಾಗೆಯೇ ಇದೆ. ಔಷಧ ಎಳೆದುಕೊಳ್ಳುವ ಪಂಪ್, ಉಸಿರಾಟದ ವ್ಯಾಯಾಮಗಳಿಂದ ಸ್ವಲ್ಪ ನೆಮ್ಮದಿ. ಆ ದಿನ ಎಲ್ಲ ಕೇಳಿಸಿಕೊಂಡು ಎದ್ದು ನಿಂತವರು ಬಾಗಿಲ ಹತ್ತಿರ ತಿರುಗಿ ಕೇಳಿದರು: "ಅಕ್ಕಾರ, ನನ್ನ ಮಗಾನೂ ಅಲ್ಲೇ ಡ್ರಿಲ್ ಹೊಡಿತಾನ್ರಿ. ಎರಡ ವರ್ಷ ಆತು. ಅವಂಗೇನ ಮಾಡ್ಲಿ?"

ಮುಂದಿನ ವಾರ ಹತ್ತೊಂಬತ್ತು ವರ್ಷದ ಆ ಹುಡುಗನನ್ನು ಕರೆತಂದರು. ಅವನ ಎಕ್ಸ್-ರೇ ಸ್ವಚ್ಛವಾಗಿತ್ತು. ಅವನು ಆ ಕೆಲಸ ಬಿಟ್ಟು ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗುತ್ತಾನೆ. ತಂದೆಗೆ ತಡವಾದದ್ದು ಮಗನಿಗೆ ಸಮಯಕ್ಕೆ ಸಿಕ್ಕಿತು.

ಶರಣರು ಕಾಯಕಕ್ಕೆ ಬಹಳ ದೊಡ್ಡ ಸ್ಥಾನ ಕೊಟ್ಟರು. ಕಲ್ಲು ಒಡೆಯುವುದೂ ಕಾಯಕ, ಗಿರಣಿಯಲ್ಲಿ ದುಡಿಯುವುದೂ ಕಾಯಕ. ಆದರೆ ಕಾಯ ಇದ್ದರೆ ತಾನೇ ಕಾಯಕ? ದುಡಿಯುವವರ ಉಸಿರನ್ನು ಕಾಯುವುದು ದುಡಿಸಿಕೊಳ್ಳುವವರ ಕಾಯಕವೂ ಹೌದು.

ನೆನಪಿನಲ್ಲಿದೆಯೇ? ನಿಮ್ಮನ್ನೇ ಕೇಳಿಕೊಳ್ಳಿ

1. ನನ್ನ ಕೆಲಸದ ಜಾಗದ ಧೂಳು ಯಾವುದರಿಂದ ಬರುತ್ತದೆ: ಮಣ್ಣೇ, ಕಲ್ಲೇ, ಬೂದಿಯೇ, ಕಬ್ಬಿಣವೇ?

2. ಅಲ್ಲಿ ನೀರು ಹಾಕುತ್ತಾರೆಯೇ?

3. ನನ್ನ ಕೆಲಸದ ವಿವರವನ್ನು ವೈದ್ಯರಿಗೆ ಹೇಳಿದ್ದೇನೆಯೇ?

4. ನನ್ನ ಮನೆಯಲ್ಲಿ ಇನ್ಯಾರು ಇದೇ ಧೂಳಿನಲ್ಲಿ ದುಡಿಯುತ್ತಿದ್ದಾರೆ?

ನಾಲ್ಕನೆಯ ಪ್ರಶ್ನೆಗೆ ಉತ್ತರವಿದ್ದರೆ, ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ.